ವಾಪಸ್ ಬಸ್ಸು ಎಷ್ಟೊತ್ತಿಗೆ?

ದಾವಣಗೆರೆಯಲ್ಲಿ ಚನ್ನಗಿರಿ ಕಡೆಯ ಬಸ್ಸು ಹತ್ತಿ "ಒಂದು ಸಂತೇಬೆನ್ನೂರು" ಅಂದೆ. ಕಂಡಕ್ಟರ್ ಟಿಕೆಟ್ ಕೊಡುವ ಮೊದಲು ಒಮ್ಮೆ ಮುಖ ನೋಡಿದರು. ಆ ದಾರಿಯಲ್ಲಿ ದಿನಾ ಓಡಾಡುವವರಿಗೆ ಊರಿನವರು ಯಾರು, ನೆಂಟರ ಮನೆಗೆ ಹೊರಟವರು ಯಾರು, ಹೊಸಬರು ಯಾರು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

"ಹೊಂಡ ನೋಡಾಕ ಬಂದೀರೇನ್ರಿ?"

ಹೌದು ಅಂದೆ, ಊರಿನ ಹಳೆಯ ಕಲ್ಲಿನ ಹೊಂಡ ನೋಡಲೆಂದೇ ಹೊರಟಿದ್ದೆ. ಊರು ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದೂ ಕೇಳಿದೆ. ಅವರು ಅದಕ್ಕೆ ಉತ್ತರ ಕೊಡಲಿಲ್ಲ. "ವಾಪಸ್ ಎಷ್ಟೊತ್ತಿಗೆ ಹೊರಡ್ತೀರಿ?" ಎಂದು ತಾವೇ ಕೇಳಿದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. "ಅದನ್ನ ಮೊದ್ಲು ಕೇಳ್ಕೊಳ್ರಿ. ಹೋಗಾಕ ಯಾವಾಗ್ಲೂ ಬಸ್ ಐತಿ" ಎಂದು ಚಿಲ್ಲರೆ ಎಣಿಸಿ ಕೈಗಿಟ್ಟು ಮುಂದಿನ ಸೀಟಿಗೆ ಹೋದರು.

ಆ ಮಾತನ್ನು ಮೊದಲು ಎಚ್ಚರಿಕೆಯ ಮಾತು ಎಂದಷ್ಟೇ ತಿಳಿದಿದ್ದೆ. ಆಮೇಲೆ ಅದೇ ಚನ್ನಗಿರಿ ತಾಲ್ಲೂಕಿನಲ್ಲಿ ನಾಲ್ಕಾರು ಸಲ ಬಸ್ಸಿನಲ್ಲೇ ಓಡಾಡಿದ ಮೇಲೆ ಅನ್ನಿಸಿದ್ದು, ನಮ್ಮ ಕಡೆಯ ಹಳ್ಳಿ ಬಸ್ಸುಗಳ ಇಡೀ ಶಾಸ್ತ್ರ ಆ ಒಂದು ಮಾತಿನಲ್ಲೇ ಇದೆ ಎಂದು.

ನಮ್ಮ ಬಹುತೇಕ ಹಳ್ಳಿ ಬಸ್ಸುಗಳು ರಾತ್ರಿ ಮಲಗುವುದು ಹಳ್ಳಿಯಲ್ಲಿ. ಅದನ್ನು ನೈಟ್ ಹಾಲ್ಟ್ ಅನ್ನುತ್ತಾರೆ. ಡ್ರೈವರ್ ಕಂಡಕ್ಟರ್ ಇಬ್ಬರೂ ಊರಿನ ಕಟ್ಟೆಯ ಮೇಲೋ, ಬಸ್ಸಿನ ಉದ್ದ ಸೀಟಿನ ಮೇಲೋ ಮಲಗಿ, ಬೆಳಕು ಹರಿಯುವ ಮೊದಲೇ ಹಾರನ್ ಹೊಡೆದು ಊರನ್ನು ಎಬ್ಬಿಸುತ್ತಾರೆ. ಕಾಲೇಜಿನ ಹುಡುಗರು, ಕೋರ್ಟು ಕಚೇರಿಗೆ ಹೊರಟವರು, ಆಸ್ಪತ್ರೆಗೆ ಹೊರಟ ಮುದುಕರು, ಮೂಟೆ ಸೊಪ್ಪು ತರಕಾರಿ ಎಲ್ಲ ಬೆಳಿಗ್ಗೆ ಪೇಟೆಯ ಕಡೆಗೆ. ಸಂಜೆ ಅದೇ ಜನ ಅದೇ ಬಸ್ಸಿನಲ್ಲಿ ಹಳ್ಳಿಯ ಕಡೆಗೆ. ಅಂದರೆ ಬಸ್ಸಿನ ದಿನಚರಿ ಊರಿನವರ ದಿನಚರಿಗೆ ತಕ್ಕಂತೆ ಹೊಲಿದದ್ದು. ಪ್ರವಾಸಿ ಮಾತ್ರ ಈ ಹರಿವಿಗೆ ಎದುರಾಗಿ ಈಜುವವನು. ಪೇಟೆಯ ಲಾಡ್ಜಿನಲ್ಲಿ ಮಲಗಿ ಬೆಳಿಗ್ಗೆ ಹಳ್ಳಿಗೆ ಹೊರಡುತ್ತಾನೆ, ಸಂಜೆ ಪೇಟೆಗೆ ಮರಳಬೇಕು ಅನ್ನುತ್ತಾನೆ. ರಾತ್ರಿ ಎಂಟಕ್ಕೂ ಒಂಬತ್ತಕ್ಕೂ ಪೇಟೆಯಿಂದ ಹಳ್ಳಿಗೆ ಬಸ್ಸು ಇರುತ್ತದೆ, ಏಕೆಂದರೆ ಅದು ಮಲಗಲು ಮನೆಗೆ ಹೊರಟ ಬಸ್ಸು. ಅದೇ ಹೊತ್ತಿನಲ್ಲಿ ಹಳ್ಳಿಯಿಂದ ಪೇಟೆಗೆ ಹೋಗುವ ಬಸ್ಸು ಎಂದೋ ಮುಗಿದಿರುತ್ತದೆ. ಹೊಸಬರು ಬಸ್ಸು ತಪ್ಪಿಸಿಕೊಂಡು ಒದ್ದಾಡುವುದು ಇಲ್ಲಿಯೇ. ಲಾಸ್ಟ್ ಬಸ್ಸು ಅನ್ನುವುದು ಒಂದಲ್ಲ, ಎರಡು. ಬರುವ ಲಾಸ್ಟ್ ಬೇರೆ, ಹೋಗುವ ಲಾಸ್ಟ್ ಬೇರೆ. ಕೇಳುವಾಗ ಯಾವುದು ಎಂದು ಬಿಡಿಸಿ ಕೇಳಬೇಕು.

ಸಂತೇಬೆನ್ನೂರು ಚನ್ನಗಿರಿ ತಾಲ್ಲೂಕಿನ ಹೋಬಳಿ ಕೇಂದ್ರ. ರೈಲಿಲ್ಲ. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿ ದಾವಣಗೆರೆಯಲ್ಲೋ ಚಿಕ್ಕಜಾಜೂರು ಜಂಕ್ಷನ್ನಿನಲ್ಲೋ ಇಳಿದು ಬಸ್ಸು ಹಿಡಿಯಬೇಕು. ಶಿವಮೊಗ್ಗದಿಂದಲೋ ಚಿತ್ರದುರ್ಗದಿಂದಲೋ ಬರುವವರು ಆ ಎರಡು ಊರುಗಳ ನಡುವಿನ ಹೆದ್ದಾರಿಯಲ್ಲಿ ಚನ್ನಗಿರಿಗೆ ಬಂದು ಅಲ್ಲಿಂದ ದಾವಣಗೆರೆ ಕಡೆಯ ಬಸ್ಸು ಹತ್ತಬೇಕು. ದಾವಣಗೆರೆಯಿಂದಾದರೆ ಬಸ್ಸಿನ ಲೆಕ್ಕದಲ್ಲಿ ಒಂದು ಗಂಟೆಯ ಹಾದಿ, ಹತ್ತಿಳಿಯುವವರು ಹೆಚ್ಚಾದ ದಿನ ಇನ್ನಷ್ಟು.

ಈ ದಿಕ್ಕುಗಳಿಗೂ ಒಂದು ಚರಿತ್ರೆಯಿದೆ. 1997ರ ಆಗಸ್ಟ್ 15ರವರೆಗೆ ಚನ್ನಗಿರಿಯೂ ಹೊನ್ನಾಳಿಯೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ದಾವಣಗೆರೆಯೂ ಜಗಳೂರೂ ಚಿತ್ರದುರ್ಗ ಜಿಲ್ಲೆಯಲ್ಲಿ. ಅಂದಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಒಟ್ಟಿಗೆ ಏಳು ಹೊಸ ಜಿಲ್ಲೆಗಳನ್ನು ಮಾಡಿದಾಗ ದಾವಣಗೆರೆ ಜಿಲ್ಲೆಯಾಯಿತು. ಪಟೇಲರು ಇದೇ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಜಿಲ್ಲೆ ಬದಲಾದರೆ ಕಚೇರಿಯ ಫಲಕ ಬದಲಾಗುತ್ತದೆ ಅಂದುಕೊಳ್ಳುತ್ತೇವೆ. ಜನ ನಡೆಯುವ ದಿಕ್ಕೇ ಬದಲಾಗುತ್ತದೆ. ಪಹಣಿ ತಿದ್ದಿಸಲು, ಡಿ.ಸಿ. ಕಚೇರಿಗೆ ಅರ್ಜಿ ಕೊಡಲು ಶಿವಮೊಗ್ಗದ ಬಸ್ಸು ಹತ್ತುತ್ತಿದ್ದ ಊರುಗಳು ದಾವಣಗೆರೆ ಕಡೆಗೆ ತಿರುಗಿಕೊಂಡವು. ಹೊನ್ನಾಳಿಯಿಂದ ಒಡೆದು ನ್ಯಾಮತಿ ತಾಲ್ಲೂಕಾದ ಮೇಲೆ ಅಲ್ಲೂ ಒಂದಷ್ಟು ಹಳ್ಳಿಗಳ ಓಡಾಟ ಹೀಗೇ ಬದಲಾಗಿದೆ. ಸಂತೆ ಮಾತ್ರ ಜಿಲ್ಲೆಯ ಗಡಿ ಕೇಳುವುದಿಲ್ಲ. ಇಂದಿಗೂ ಚನ್ನಗಿರಿ ಸೀಮೆಯವರ ನೆಂಟಸ್ತನ, ವ್ಯಾಪಾರ ಶಿವಮೊಗ್ಗ, ಭದ್ರಾವತಿ ಕಡೆಗೂ ಇದೆ. ಅದಕ್ಕೇ ಚನ್ನಗಿರಿಯಲ್ಲಿ ನಿಂತರೆ ನಾಲ್ಕೂ ದಿಕ್ಕಿನ ಬಸ್ಸು ಸಿಗುತ್ತದೆ. ದಾರಿ ತಪ್ಪಿದವರು ಚನ್ನಗಿರಿ ಸೇರಿಕೊಂಡರೆ ಸಾಕು.

ಇನ್ನು ಬಸ್ಸಿನ ವಿಚಾರ. ಬೆಂಗಳೂರು ಮೈಸೂರು ಕಡೆಯಿಂದ ಬಂದವರು ಮೊದಲು ಬೆರಗಾಗುವುದು ಇಲ್ಲಿನ ಖಾಸಗಿ ಬಸ್ಸುಗಳನ್ನು ಕಂಡು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಂದಿಗೆ ಶುರುವಾಯಿತು. 1961ರ ಆಗಸ್ಟ್‌ನಲ್ಲಿ ಅದು ನಿಗಮವಾಯಿತು. ಹಳೇ ಮೈಸೂರಿನ ದಕ್ಷಿಣದ ಜಿಲ್ಲೆಗಳಲ್ಲಿ ಒಂದೊಂದೇ ಮಾರ್ಗ ಸರ್ಕಾರದ ಕೈಗೆ ಬಂದಿತು. ಶಿವಮೊಗ್ಗ, ಚಿತ್ರದುರ್ಗ, ದಾವಣಗೆರೆಯ ಸೀಮೆಯಲ್ಲಿ, ಕರಾವಳಿಯಲ್ಲಿ ಬಹಳಷ್ಟು ಮಾರ್ಗಗಳು ಖಾಸಗಿಯವರ ಬಳಿಯೇ ಉಳಿದವು. ಹಾಗಾಗಿ ಈ ಕಡೆ ಬಸ್ಸಿಗೆ ನಂಬರಿಗಿಂತ ಹೆಸರೇ ಮುಖ್ಯ. ದೇವರ ಹೆಸರು, ಮಠದ ಹೆಸರು, ಮಾಲೀಕರ ಮಗಳ ಹೆಸರು. "ಹತ್ತು ಗಂಟೆ ಬಸ್ಸು" ಎಂದು ಯಾರೂ ಅನ್ನುವುದಿಲ್ಲ, ಹೆಸರು ಹೇಳಿ "ಅದು ಹೋಯ್ತಾ?" ಎಂದು ಕೇಳುತ್ತಾರೆ. ಗಡಿಯಾರದ ಕೆಲಸವನ್ನು ಬಸ್ಸಿನ ಹೆಸರೇ ಮಾಡುತ್ತದೆ.

ಹೊರಗಿನವರಿಗೆ ಗೊಂದಲವಾಗಿ ಕಾಣುವ ಈ ಓಡಾಟದ ಹಿಂದೆ ಬಿಗಿಯಾದ ಕಟ್ಟುಪಾಡಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹಂತ ಹಂತಕ್ಕೆ ಜನ ಹತ್ತಿಳಿಸುವ ಬಸ್ಸಿಗೆ ಸ್ಟೇಜ್ ಕ್ಯಾರಿಯೇಜ್ ಪರ್ಮಿಟ್ ಬೇಕು. ಅದನ್ನು ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ನಮ್ಮಲ್ಲಿ ಅದರ ಅಧ್ಯಕ್ಷರು ಜಿಲ್ಲಾಧಿಕಾರಿ, ಕಾರ್ಯದರ್ಶಿ ಆರ್‌ಟಿಒ. ಪರ್ಮಿಟ್ಟಿನಲ್ಲಿ ಮಾರ್ಗದ ಜೊತೆಗೆ ವೇಳೆಯೂ ಇರುತ್ತದೆ. ಎಲ್ಲಿಂದ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೊರಡಬೇಕು ಎಂಬುದನ್ನು ಮಾಲೀಕರನ್ನೆಲ್ಲ ಕೂರಿಸಿ ತೀರ್ಮಾನ ಮಾಡುತ್ತಾರೆ. ದರ ನಿಗದಿ ಮಾಡುವುದು ಸರ್ಕಾರ. ಹೀಗೆ ದರದಲ್ಲಿ ಪೈಪೋಟಿ ಇಲ್ಲದಿರುವುದರಿಂದ ಪೈಪೋಟಿಯೆಲ್ಲ ನಿಮಿಷದಲ್ಲಿ. ಮುಂದಿನ ಬಸ್ಸು ಐದು ನಿಮಿಷ ತಡೆದು ಹೊರಟರೆ ಹಿಂದಿನವನ ಜನವನ್ನು ಎತ್ತಿಕೊಂಡು ಹೋದ ಹಾಗೆ. ಬಸ್ ನಿಲ್ದಾಣದಲ್ಲಿ ಕೈಯಲ್ಲಿ ಪುಸ್ತಕ ಹಿಡಿದು, ಗಡಿಯಾರ ನೋಡುತ್ತ, ಬಸ್ಸಿನ ಮೈಗೆ ಪಟಪಟ ಬಡಿದು "ತಗೀ ತಗೀ, ನಿನ್ ಟೈಮಾತು" ಎಂದು ಕೂಗುವ ಮನುಷ್ಯನನ್ನು ನೋಡಿರುತ್ತೀರಿ. ಅವನು ಏಜೆಂಟ್. ಹೊಸ ಊರಿನಲ್ಲಿ ಇಳಿದಾಗ ಮೊದಲು ಹುಡುಕಬೇಕಾದವನು ಅವನೇ. ಮೊಬೈಲಿನ ನಕಾಶೆಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತು. ಯಾವ ಬಸ್ಸು ಇವತ್ತು ಮದುವೆ ಬಾಡಿಗೆಗೆ ಹೋಗಿದೆ, ಯಾವುದು ಎಫ್‌ಸಿ ಮಾಡಿಸಲು ನಿಂತಿದೆ, ಯಾವುದಕ್ಕೆ ಈಗ ಕೈ ಮಾಡಿದರೆ ಮುಂದಿನ ಕ್ರಾಸಿನಲ್ಲಿ ನಿಲ್ಲುತ್ತದೆ, ಎಲ್ಲ.

ನಾನು ಕುಳಿತ ಬಸ್ಸಿನಲ್ಲಿ ಡ್ರೈವರಿನ ಪಕ್ಕದ ಬಾನೆಟ್ಟಿನ ಮೇಲೆ ಒಂದು ಸ್ಟೀಲ್ ಕ್ಯಾರಿಯರ್, ಔಷಧಿ ಅಂಗಡಿಯ ಚೀಟಿ ಅಂಟಿಸಿದ ಒಂದು ಪೊಟ್ಟಣ, ಕಬ್ಬಿಣದ ಒಂದು ಪಂಪ್‌ಸೆಟ್ ಬಿಡಿಭಾಗ, ಹೂವಿನ ಬುಟ್ಟಿ ಇದ್ದವು. ಯಾವುದಕ್ಕೂ ವಿಳಾಸ ಬರೆದಿರಲಿಲ್ಲ. ಒಂದು ಕ್ರಾಸಿನಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಒಬ್ಬ ಹುಡುಗ ಸೈಕಲ್ಲಿನಿಂದ ಇಳಿದು ಕಿಟಕಿಗೆ ಕೈ ಚಾಚಿದ. ಡ್ರೈವರ್ ಎಡಗೈಯಲ್ಲಿ ಪೊಟ್ಟಣ ಕೊಟ್ಟರು. "ಅಜ್ಜಿ ಹೆಂಗದಾಳೆ?" ಎಂದು ಕೇಳಿದರು. ಹುಡುಗನ ಉತ್ತರ ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಎದ್ದು ಹೋಗಿ ಅವರನ್ನೇ ಕೇಳಬೇಕು ಅನ್ನಿಸಿತು. ಆ ಅಜ್ಜಿ ಯಾರೋ ನನಗೆ ಗೊತ್ತಿಲ್ಲ. ಇಡೀ ಪ್ರಯಾಣದಲ್ಲಿ ಮನಸ್ಸಿನಲ್ಲಿ ಉಳಿದದ್ದು ಆಕೆಯೇ.

ಮಹಿಳೆಯರಾದರೆ ಇನ್ನೊಂದು ಲೆಕ್ಕ ಹಾಕಬೇಕು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ, ನಗರ, ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳು 500 ಕೋಟಿ ಮುಟ್ಟಿದವು. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸೇ ಹೆಚ್ಚಿರುವ ಈ ಸೀಮೆಯಲ್ಲಿ ಹೆಂಗಸರು ಎರಡು ಖಾಸಗಿ ಬಸ್ಸು ಬಿಟ್ಟು ಕೆಂಪು ಬಸ್ಸಿಗಾಗಿ ಕಾಯುವುದನ್ನು ನೋಡಬಹುದು. ಕಾಯುವುದಕ್ಕೂ ಒಂದು ಬೆಲೆಯಿದೆ. ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಮುಕ್ಕಾಲು ಗಂಟೆ ಅಂದರೆ ಅರ್ಧ ದಿನದ ಕೂಲಿ. ಸರ್ಕಾರ ಎಲ್ಲರಿಗೂ ಕೊಟ್ಟ ಹಕ್ಕು ರಸ್ತೆಯಲ್ಲಿ ಯಾವ ಬಣ್ಣದ ಬಸ್ಸು ಓಡುತ್ತದೆ ಎಂಬುದರ ಮೇಲೆ ನಿಂತಿರಬಾರದು ಎಂದೇ ನನ್ನ ಅಭಿಪ್ರಾಯ. ಈ ಕಡೆಯ ಹಳ್ಳಿಯವರು ಸರ್ಕಾರಿ ಬಸ್ಸು ಬಿಡಿ ಎಂದು ಕೇಳುವುದು ನ್ಯಾಯವಾಗಿಯೇ ಇದೆ. ಪ್ರವಾಸಕ್ಕೆ ಬರುವ ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಇಟ್ಟುಕೊಂಡು ಸರ್ಕಾರಿ ಬಸ್ಸಿನ ವೇಳೆಯನ್ನು ಬೇರೆಯಾಗಿಯೇ ಕೇಳಿಕೊಳ್ಳುವುದು ಒಳ್ಳೆಯದು.

ಹಾದಿಯಲ್ಲಿ ಅಡಿಕೆ ತೋಟಗಳು, ಮೆಕ್ಕೆಜೋಳದ ಹೊಲಗಳು. ಚನ್ನಗಿರಿ ಅಂದರೆ ಅಡಿಕೆ. ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ತುಮ್ಕೋಸ್ ಅಂದರೆ ಗೊತ್ತಿಲ್ಲದ ಬೆಳೆಗಾರನಿಲ್ಲ. ಕೊಯ್ಲಿನ ಕಾಲದಲ್ಲಿ ಬಂದರೆ ತೋಟದ ಫಸಲನ್ನು ಗುತ್ತಿಗೆಗೆ ಹಿಡಿದ ಖೇಣಿದಾರರ ಮನೆಗಳ ಮುಂದೆ ಹಂಡೆಯಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ ಬಸ್ಸಿನೊಳಕ್ಕೇ ನುಗ್ಗುತ್ತದೆ. ಸುಲಿಯಲು ಹೋಗುವ ಹೆಂಗಸರನ್ನು ತುಂಬಿಕೊಂಡ ಲಗೇಜ್ ಆಟೊಗಳು ನಸುಕಿನಲ್ಲೇ ಓಡಾಡುತ್ತವೆ. ಬಸ್ಸು ತಪ್ಪಿದ ಹೊಸಬರ ಪಾಲಿಗೆ ಈ ಆಟೊಗಳೂ ಸಾರಿಗೆಯೇ. ಕಾನೂನು ಒಪ್ಪುವುದಿಲ್ಲ, ನಾನೂ ಹತ್ತಿ ಎಂದು ಹೇಳಲಾರೆ. ಸರಕಿನ ಗಾಡಿಯಲ್ಲಿ ಜನ ತುಂಬಿ ಆದ ಅಪಘಾತಗಳು ಕಡಿಮೆಯೇನಲ್ಲ. ಆದರೆ ಬಸ್ಸು ಇಲ್ಲದ ಹೊತ್ತಿನಲ್ಲಿ ಹಳ್ಳಿಯನ್ನು ಓಡಿಸುತ್ತಿರುವುದು ಅವೇ.

ಸಂತೇಬೆನ್ನೂರಿನಲ್ಲಿ ಇಳಿದು ಯಾರನ್ನಾದರೂ "ಪುಷ್ಕರಣಿ ಎಲ್ಲಿ?" ಎಂದು ಕೇಳಿದರೆ ಒಂದು ಕ್ಷಣ ತಡೆಯುತ್ತಾರೆ. "ಹೊಂಡ ಎಲ್ಲಿ?" ಅಂದರೆ ಮಾತು ಮುಗಿಯುವ ಮೊದಲೇ ಕೈ ತೋರಿಸುತ್ತಾರೆ. ಆಟೊ ಬೇಕಿಲ್ಲ, ನಡೆದೇ ಹೋಗಬಹುದು. ಹೆಸರಿನ ಈ ಗುಟ್ಟು ಇಡೀ ತಾಲ್ಲೂಕಿಗೆ ಅನ್ವಯ. ಇಲ್ಲಿನ ದೊಡ್ಡ ಕೆರೆಗೆ ಫಲಕದ ಮೇಲೆ ಶಾಂತಿಸಾಗರ, ಬಾಯಲ್ಲಿ ಸೂಳೆಕೆರೆ. ಬಸ್ಸಿನಲ್ಲಿ ಫಲಕದ ಹೆಸರಿಗೆ ಟಿಕೆಟ್ ಕೇಳುವವರು ಹೊರಗಿನವರು ಮಾತ್ರ. ಊರಿಗೆ ಊರಿನವರು ಇಟ್ಟ ಹೆಸರನ್ನು ಉಚ್ಚರಿಸಿದರೆ ಅರ್ಧ ದಾರಿ ಸವೆದ ಹಾಗೆ.

ಹೊಂಡ ಕಣ್ಣಿಗೆ ಬೀಳುವುದು ಥಟ್ಟನೆ. ಮನೆಗಳ ಸಾಲು ಮುಗಿದು ಬೇಲಿ ದಾಟಿದರೆ ಕಾಲ ಬುಡದಲ್ಲೇ ಕಲ್ಲಿನ ಮೆಟ್ಟಿಲುಗಳು ಇಳಿದು ಹೋಗುತ್ತವೆ. ಸುಮಾರು 250 ಅಡಿ ಉದ್ದ, 240 ಅಡಿ ಅಗಲ. ನಟ್ಟನಡುವೆ ನೀರಿನಲ್ಲಿ ನಿಂತ ವಸಂತ ಮಂಟಪ, ಅದರ ಮೇಲೆ ಗೋಪುರ. ದಿಕ್ಕು ದಿಕ್ಕಿಗೆ ಒಂದರಂತೆ ಎಂಟು ಚಿಕ್ಕ ಮಂಟಪಗಳಿದ್ದವಂತೆ; ಈಗ ಆರು ಉಳಿದಿವೆ. ಕಟ್ಟಿಸಿದ್ದು ಹದಿನಾರನೇ ಶತಮಾನದ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ ಎಂದು ಚರಿತ್ರೆ. ಮುಂದೆ ಈ ಮನೆತನ ತರೀಕೆರೆಗೆ ಹೋಗಿ ನೆಲೆಸಿತು, ತರೀಕೆರೆ ಪಾಳೆಯಗಾರರು ಎಂದೇ ಹೆಸರಾಯಿತು. ನಡುಹಗಲಿನಲ್ಲಿ ಮೇಲಿನ ಮೆಟ್ಟಿಲು ಕಾಲು ಸುಡುತ್ತಿದ್ದರೆ ಹತ್ತು ಮೆಟ್ಟಿಲು ಇಳಿದ ಮೇಲೆ ಗಾಳಿ ತಣ್ಣಗಾಗಿ ಮುಖಕ್ಕೆ ತಾಗುತ್ತದೆ. ಬಸ್ಸಿನ ಧೂಳು, ಬೆವರು, ಎಂಜಿನ್ನಿನ ಬಿಸಿ ಎಲ್ಲ ಹೊತ್ತು ಬಂದ ಮೈ ಅಲ್ಲಿ ಹಗುರಾಗುತ್ತದೆ. ಅದನ್ನು ಓದಿ ತಿಳಿಯಲಾಗದು, ನಡೆದು ಹೋಗಿ ಇಳಿಯಬೇಕು.

ಹೊಂಡದ ದಡದಲ್ಲೇ ಇದೆ ನಾನು ನೋಡಬೇಕೆಂದು ಬಂದ ಇನ್ನೊಂದು ಕಟ್ಟಡ. ಮುಸಾಫಿರ್ ಖಾನೆ. ಅಂದರೆ ದಾರಿಹೋಕರ ಮನೆ. ಹದಿನೇಳನೇ ಶತಮಾನದಲ್ಲಿ ಬಿಜಾಪುರದ ಆದಿಲ್‌ಶಾಹಿ ಸೇನಾಪತಿ ರಣದುಲ್ಲಾ ಖಾನ್ ಈ ಸೀಮೆಯನ್ನು ಗೆದ್ದ ಕಾಲದ್ದು. ಗೆದ್ದವರಿಗೂ ಸೋತವರಿಗೂ ನಡುವೆ ಇಲ್ಲಿ ನಡೆದದ್ದು ಕಹಿಯಾದ ಕಥೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ವಿಶಾಲವಾದ ಕಮಾನುಗಳ ಕೆಳಗೆ ನಿಂತಾಗ ನನ್ನ ಮನಸ್ಸು ಹೋದದ್ದು ಯುದ್ಧದ ಕಡೆಗಲ್ಲ. ಹೊಂಡದ ಗೋಪುರದಲ್ಲೂ ಖಾನೆಯ ಕಮಾನಿನಲ್ಲೂ ಎರಡೂ ಕಡೆಯ ಕಲ್ಲುಕುಟಿಗರ ಕೈ ಬೆರೆತಿದೆ. ಈಗ ಎರಡನ್ನೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಒಟ್ಟಿಗೇ ಕಾಯುತ್ತಿದೆ.

ಮುಸಾಫಿರನಿಗೆ ಮನೆ ಯಾಕೆ ಬೇಕಿತ್ತು? ಅವನಿಗೆ ಅದೇ ದಿನ ವಾಪಸ್ ಹೋಗಲು ಆಗುತ್ತಿರಲಿಲ್ಲ, ಅದಕ್ಕೆ. ಎತ್ತಿನ ಗಾಡಿಯಲ್ಲಿ, ಹೇರು ಹೊತ್ತ ಎತ್ತುಗಳ ಹಿಂದೆ, ಕಾಲ್ನಡಿಗೆಯಲ್ಲಿ ಬಂದವನಿಗೆ ಸಂಜೆಯಾದರೆ ಅದೇ ಊರು. ನೀರು ಬೇಕು, ನೆರಳು ಬೇಕು, ತಲೆಯ ಕೆಳಗೆ ಗಂಟು ಇಟ್ಟು ಮಲಗಲು ಜಗಲಿ ಬೇಕು. ನಮ್ಮ ನಾಡಿನ ಶಾಸನಗಳಲ್ಲಿ ಅರವಟ್ಟಿಗೆಗೆ ಭೂಮಿ ಬಿಟ್ಟ ಉಲ್ಲೇಖಗಳು ಎಷ್ಟೋ ಇವೆ. ಹೆಸರು ಗೊತ್ತಿಲ್ಲದ, ಮತ್ತೆ ಮುಖ ನೋಡದ ದಾರಿಹೋಕನಿಗೆ ನೀರು ಕೊಡಲೆಂದು ಹೊಲ ಬರೆದುಕೊಟ್ಟವರು ಆ ಕಾಲದವರು. ಆಮೇಲೆ ಪೇಟೆಗಳಲ್ಲಿ ಛತ್ರಗಳು ಬಂದವು. ಬ್ರಿಟಿಷರ ಕಾಲದಿಂದ ಪ್ರವಾಸಿ ಮಂದಿರಗಳು. ಹೆಸರಿಗೆ ಪ್ರವಾಸಿ, ಬಾಗಿಲು ತೆರೆಯುವುದು ಅಧಿಕಾರಿಗಳಿಗೆ. ಬಸ್ಸು ಬಂದಮೇಲೆ ಮುಸಾಫಿರ್ ಖಾನೆಗೆ ಕೆಲಸವಿಲ್ಲದಾಯಿತು. ಒಂದೇ ಹಗಲಿನಲ್ಲಿ ಬಂದು ಹೋಗಬಹುದಾಯಿತು. ಅಂದಮೇಲೆ ಖಾನೆ ಮಾಡುತ್ತಿದ್ದ ಕೆಲಸದ ಹೊಣೆ ಬಸ್ಸಿನ ಮೇಲೆ, ಬಸ್ ನಿಲ್ದಾಣದ ಮೇಲೆ ಬಿತ್ತು. ಇಲ್ಲಿ ಮಲಗಲು ಜಾಗ ಬೇಡ, ಸರಿ. ಆದರೆ ವಾಪಸ್ ಹೋಗುವ ದಾರಿ ಖಚಿತವಾಗಿರಬೇಕು, ಅಲ್ಲಿಯವರೆಗೆ ಕೂರಲು ನೆರಳು, ಕುಡಿಯಲು ನೀರು, ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ ಇರಬೇಕು. ನಾಲ್ಕು ನೂರು ವರ್ಷಗಳ ಹಿಂದೆ ಕಲ್ಲಿನಲ್ಲಿ ಕಟ್ಟಿದ್ದನ್ನು ಇವತ್ತು ಒಂದು ತಗಡಿನ ಫಲಕ, ಒಂದು ನಲ್ಲಿ, ಒಂದು ಬೆಂಚಿನಲ್ಲಿ ಮಾಡಿ ಮುಗಿಸಬಹುದು.

ಸ್ವಿಟ್ಜರ್ಲೆಂಡಿನ ಬೆಟ್ಟದ ಹಳ್ಳಿಗಳಿಗೆ ಹಳದಿ ಬಣ್ಣದ ಅಂಚೆ ಬಸ್ಸುಗಳು ಓಡುತ್ತವೆ. ಎಷ್ಟೇ ಸಣ್ಣ ನಿಲ್ದಾಣವಾಗಿರಲಿ, ಕಂಬಕ್ಕೆ ಆ ನಿಲ್ದಾಣದಿಂದ ಹೊರಡುವ ಎಲ್ಲ ಬಸ್ಸುಗಳ ವೇಳೆಯ ಹಾಳೆ ಅಂಟಿಸಿರುತ್ತಾರೆ. ಅವರ ಹಣ ನಮ್ಮಲ್ಲಿಲ್ಲ ಅನ್ನಬಹುದು. ಆದರೆ ಆ ಹಾಳೆಗೆ ಹಣ ಬೇಕಿಲ್ಲ. ನಮ್ಮಲ್ಲೂ ಪ್ರತಿ ಪರ್ಮಿಟ್ಟಿನಲ್ಲಿ ವೇಳೆ ಬರೆದೇ ಇದೆ. ಆರ್‌ಟಿಒ ಕಚೇರಿಯ ಕಡತದಲ್ಲಿ ಭದ್ರವಾಗಿದೆ. ಕಡತದಿಂದ ಕಂಬದವರೆಗೆ ಅದನ್ನು ತರಬೇಕು, ಅಷ್ಟೆ. ಖಾಸಗಿಯದೋ ಸರ್ಕಾರಿಯದೋ ಎಂಬ ಭೇದವಿಲ್ಲದೆ ಎರಡೂ ಬಸ್ಸಿನ ವೇಳೆ ಒಂದೇ ಫಲಕದಲ್ಲಿ, ಕೊನೆಯ ಬಸ್ಸಿನ ಹೊತ್ತು ಮಾತ್ರ ಕೆಂಪಕ್ಷರದಲ್ಲಿ. ಅದೊಂದು ಫಲಕ ಇದ್ದರೆ ಹೊಂಡ ನೋಡಲು ಬಂದವರು ಮೆಟ್ಟಿಲ ಮೇಲೆ ಇನ್ನೊಂದು ತಾಸು ನಿಶ್ಚಿಂತೆಯಾಗಿ ಕೂರುತ್ತಾರೆ. ಊರಿನಲ್ಲೇ ಊಟ ಮಾಡುತ್ತಾರೆ. ಎದುರಿನ ಗೂಡಂಗಡಿಯವರಿಗೂ ಎರಡು ಕಾಸು ಸಿಗುತ್ತದೆ. ಈಗ ಕಾರಿಲ್ಲದವರು ಹೊಂಡಕ್ಕೆ ಒಂದು ಸುತ್ತು ಹಾಕಿ, ಫೋಟೊ ತೆಗೆದು, ಬಸ್ಸು ಹೋದೀತೆಂದು ಓಡುತ್ತಾರೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ಅನುಭವ ಇದೆ. ಕೆಲವು ವರ್ಷಗಳ ಹಿಂದೆ ಇದೇ ಸೀಮೆಯ ಒಂದು ಊರಿನಲ್ಲಿ ಗೋಡೆಯ ಮೇಲೆ ಬರೆದ ವೇಳೆಯನ್ನು ನಂಬಿ ಸಂಜೆ ನಿಂತಿದ್ದೆ. ಆ ಬಸ್ಸು ನಿಂತುಹೋಗಿ ತಿಂಗಳುಗಳೇ ಆಗಿದ್ದವು, ಅಕ್ಷರ ಅಳಿಸಿರಲಿಲ್ಲ. ಕತ್ತಲಾಯಿತು. ಅಂಗಡಿಗಳು ಒಂದೊಂದೇ ಮುಚ್ಚಿದವು. ಮಳೆ ಹನಿಯತೊಡಗಿತು. ಅಡಿಕೆ ಚೀಲ ಇಳಿಸಿ ಖಾಲಿ ಹೊರಟಿದ್ದ ಲಗೇಜ್ ಆಟೊದ ಹುಡುಗ ನಿಲ್ಲಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಹೆದ್ದಾರಿಯವರೆಗೆ ಬಿಟ್ಟ. ಶಿವಮೊಗ್ಗದ ಬಸ್ಸಿಗೆ ತಾನೇ ಕೈ ಮಾಡಿ ಹತ್ತಿಸಿದ. ಹಣ ಕೊಡಹೋದರೆ ತಗೊಳ್ಳಲಿಲ್ಲ. "ನಮ್ಮೂರಿಗೆ ಬಂದೋರು ನೀವು" ಅಂದ. ಆ ಹುಡುಗನ ಒಳ್ಳೆಯತನವನ್ನು ನಾನು ಎಂದೂ ಮರೆಯುವುದಿಲ್ಲ. ಆದರೆ ಒಂದು ಸಾರಿಗೆ ವ್ಯವಸ್ಥೆ ಒಬ್ಬ ಹುಡುಗನ ಒಳ್ಳೆಯತನದ ಮೇಲೆ ನಡೆಯಬಾರದು. ನನ್ನ ಜಾಗದಲ್ಲಿ ಒಬ್ಬಳೇ ಬಂದ ಹೆಣ್ಣುಮಗಳಿದ್ದರೆ ಆ ಸಂಜೆ ಅವಳಿಗೆ ಹೇಗಿರುತ್ತಿತ್ತು?

ಬೆಳಿಗ್ಗೆ ಬೇಗ ಬಂದವರಿಗೆ ಇಲ್ಲಿಂದ ಇನ್ನೂ ಎರಡು ಜಾಗ ನೋಡಲು ಹೊತ್ತಿರುತ್ತದೆ. ಎರಡಕ್ಕೂ ಬಸ್ಸು ಬದಲಿಸಬೇಕು, ಕೇಳಿ ಕೇಳಿ ಹೋಗಬೇಕು. ಒಂದು ಸೂಳೆಕೆರೆ. ಐದು ಸಾವಿರ ಎಕರೆಗೂ ಮಿಕ್ಕಿ ಹರಡಿದ ಕೆರೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಅಷ್ಟು ನೀರನ್ನು ತಡೆದ ಏರಿ ನೋಡಿದರೆ ಕಟ್ಟಿದವರ ಲೆಕ್ಕಾಚಾರಕ್ಕೆ ಕೈ ಮುಗಿಯಬೇಕು ಅನ್ನಿಸುತ್ತದೆ. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳೆಂದು ಜನರ ಕಥೆ. ಇಲ್ಲಿಂದ ಹೊರಡುವ ಹರಿದ್ರಾ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಚಿತ್ರದುರ್ಗಕ್ಕೆ ಕುಡಿಯುವ ನೀರೂ ಇಲ್ಲಿಂದ ಹೋಗುತ್ತದೆ. ಕೆರೆಯ ಪಕ್ಕದ ಕೆರೆಬಿಳಚಿಗೆ ಹೋಗುವ ಬಸ್ಸು ಕೇಳಿದರೂ ಆಗುತ್ತದೆ. ಏರಿಯ ಮೇಲೆ ನಿಂತಾಗ ಗಾಳಿಗೆ ಮಾತು ಕೇಳಿಸುವುದಿಲ್ಲ.

ಇನ್ನೊಂದು ಹೊದಿಗೆರೆ. ಶಿವಾಜಿಯ ತಂದೆ ಶಹಾಜಿಯ ಸಮಾಧಿ ಇರುವ ಊರು. ರಣದುಲ್ಲಾ ಖಾನನ ಜೊತೆಗೆ ಬಿಜಾಪುರದ ಪರವಾಗಿ ಕರ್ನಾಟಕಕ್ಕೆ ಬಂದು, ಬೆಂಗಳೂರನ್ನು ಜಹಗೀರಾಗಿ ಪಡೆದವನು ಶಹಾಜಿ. 1664ರ ಜನವರಿಯಲ್ಲಿ ಈ ಭಾಗದ ಕಾಡಿನಲ್ಲಿ ಬೇಟೆಯಾಡುವಾಗ ಕುದುರೆ ಮುಗ್ಗರಿಸಿ ಬಿದ್ದು ತೀರಿಕೊಂಡ. ಸಂತೇಬೆನ್ನೂರಿನ ಮುಸಾಫಿರ್ ಖಾನೆಯನ್ನೂ ಹೊದಿಗೆರೆಯ ಸಮಾಧಿಯನ್ನೂ ಒಂದೇ ದಿನ ನೋಡಿದವರಿಗೆ ಆ ಕಾಲದ ದಾರಿಗಳು ಎಷ್ಟು ಉದ್ದವಾಗಿದ್ದವು ಎಂಬುದು ಮನಸ್ಸಿಗೆ ನಾಟುತ್ತದೆ. ಹೊದಿಗೆರೆಗೆ ಬಸ್ಸು ಕಡಿಮೆ. ಚನ್ನಗಿರಿಯಲ್ಲಿ ವಿಚಾರಿಸಿಕೊಂಡೇ ಹೊರಡಬೇಕು. ಆಟೊ ಮಾಡಿಕೊಂಡರೆ ಹೋಗಿ ಬರುವ ಎರಡೂ ಕಡೆಯ ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಿ, ಅಲ್ಲಿ ಕಾಯುವುದಕ್ಕೂ ಸೇರಿಸಿ. ಇಳಿದಮೇಲೆ ಆಟೊ ಬಿಟ್ಟುಬಿಟ್ಟರೆ ವಾಪಸ್ ಆಟೊ ಸಿಗುತ್ತದೆ ಎಂಬ ಭರವಸೆ ಇಲ್ಲ.

ಅಂದು ಮಧ್ಯಾಹ್ನ ಸಂತೇಬೆನ್ನೂರಿನಲ್ಲಿ ಬಸ್ಸು ಕಾಯುವಲ್ಲಿಗೆ ಮರಳಿದಾಗ ಇಳಿಯುವಾಗ ಕೇಳಿದ್ದಕ್ಕೆ ಕಂಡಕ್ಟರ್ ಹೇಳಿದ್ದ ವಾಪಸ್ ಬಸ್ಸಿನ ಹೊತ್ತಿಗೆ ಇನ್ನೂ ಕಾಲು ಗಂಟೆ ಇತ್ತು. ಪಕ್ಕದಲ್ಲಿ ಒಬ್ಬ ಅಜ್ಜ, ಕೈಯಲ್ಲಿ ಆಸ್ಪತ್ರೆಯ ಎಕ್ಸ್‌ರೇ ಲಕೋಟೆ. ಎಲ್ಲಿಗೆ ಎಂದು ಅವರೇ ಕೇಳಿದರು. ಹೇಳಿದೆ. ಬಸ್ಸಿನ ಹೆಸರು ಹೇಳಿ, ಅದು ಇನ್ನೂ ಬಂದಿಲ್ಲ, ನಾನೂ ಅದಕ್ಕೇ ಕಾಯ್ತಿದ್ದೀನಿ ಅಂದರು. ಲಕೋಟೆಯನ್ನು ಮಡಿಲಿಗೆ ಎತ್ತಿಕೊಂಡು, ತಾವು ಕೂತಿದ್ದ ಕಲ್ಲಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

"ಹೊಂಡದಾಗ ನೀರು ಎಷ್ಟ್ ಮೆಟ್ಲಿಗೈತಿ?" ಎಂದು ಕೇಳಿದರು.

ನಾನು ಎಣಿಸಿರಲಿಲ್ಲ. ಮುಂದಿನ ಸಲ ಎಣಿಸಿಕೊಂಡು ಬಂದು ಹೇಳುತ್ತೇನೆ ಅಂದೆ. ಅಷ್ಟರಲ್ಲಿ ದೂರದ ತಿರುವಿನಲ್ಲಿ ಹಾರನ್ ಕೇಳಿಸಿತು. ಅಜ್ಜ ಎದ್ದು, ರಸ್ತೆಗೆ ಎರಡು ಹೆಜ್ಜೆ ಇಳಿದು, ನಮ್ಮಿಬ್ಬರ ಪರವಾಗಿ ಕೈ ಮಾಡಿದರು.